ಕ್ಲ್ಯಾರಿಯ ಇಪ್ಪತ್ನಾಲ್ಕು ವರ್ಷ

ಕ್ಲ್ಯಾರಿ ಪ್ರೌಸ್ ಸುಳ್ಳುಗಾರ ಎಂದು ಮೊದಲು ಹೇಳಿದ್ದು ಊರಿನವರು. ಎರಡನೆಯ ಸಲ ಹೇಳಿದ್ದು ವಿಶ್ವವಿದ್ಯಾಲಯ. ಊರಿನವರು ಬಾಯಲ್ಲಿ ಹೇಳಿ ನಕ್ಕು ಬಿಟ್ಟಿದ್ದರು. ವಿಶ್ವವಿದ್ಯಾಲಯ ನಗದೆ ಕಾಗದದ ಮೇಲೆ ಬರೆಯಿತು. ಅವನ ಮಗಳು ನರೆಲ್‌ಗೆ ಮೈ ಉರಿದದ್ದು ಈ ಎರಡನೆಯದಕ್ಕೆ.

ಆ ಕಾಗದದ ಕಟ್ಟು ಅವಳ ಕೈಗೆ ಬಂದದ್ದು ಮಂಗಳವಾರ, ಕುರಿಸಂತೆಯ ದಿನ. ಬೆಳಗಿನಿಂದ ಆರು ಸಾವಿರ ಕುರಿ ಎಣಿಸಿ, ಕಟ್ಟೆಯ ಮೇಲೆ ಕೂತು, ಒಂದು ಕೈಯಲ್ಲಿ ಮಾಂಸದ ಪೈ ಹಿಡಿದು, ಇನ್ನೊಂದರಲ್ಲಿ ಹಾಳೆ ತಿರುವಿದಳು. ಬೆಟ್ಟಸಾಲಿನ ಹಳದಿಮೊಗ ಜೇನುಹೀರ ಹಕ್ಕಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೇಗೆ ಏರಿದೆ, ಹೇಗೆ ಇಳಿದಿದೆ ಎಂಬ ವರದಿ ಅದು. ಇನ್ನೂ ಕರಡು. ಒಂಬತ್ತನೆಯ ಪುಟದಲ್ಲಿ ಹೀಗಿತ್ತು: ‘೧೯೫೯ರಿಂದ ೧೯೮೨ರವರೆಗಿನ ಎಣಿಕೆ ಒಬ್ಬ ಕುರಿಕೆಲಸದವರದು. ಅಂಕಿಗಳು ಉತ್ಪ್ರೇಕ್ಷಿತ ಎಂದು ತೋರುವುದರಿಂದ ಕೈಬಿಡಲಾಗಿದೆ.’

ಪೈಯ ಉಳಿದರ್ಧ ನಾಯಿಯ ಪಾಲಾಯಿತು.

ಮುರುಂಬಾ ಕಂಡಿ ಎಂದರೆ ಎರಡು ಗುಡ್ಡಗಳ ನಡುವೆ ಕಲ್ಲೆಸೆತದಷ್ಟು ಅಗಲದ ಸಂದು. ಏಪ್ರಿಲ್‌ನಲ್ಲಿ ಅಂದರೆ ದಕ್ಷಿಣಾರ್ಧಗೋಳದ ಈ ನಾಡಿನ ಶರತ್ಕಾಲದಲ್ಲಿ, ಚಳಿ ಹಿಡಿದ ಕೂಡಲೇ ದಕ್ಷಿಣದ ಬೆಟ್ಟಗಳಲ್ಲಿ ಜೇನಿಲ್ಲ, ಹುಳುವಿಲ್ಲ; ಹಳದಿಮೊಗಗಳು ಉತ್ತರಕ್ಕೆ ಹೊರಡುತ್ತವೆ. ಗುಬ್ಬಿಗಿಂತ ತುಸು ದೊಡ್ಡ ಹಕ್ಕಿ, ಕೆನ್ನೆಯ ಮೇಲೆ ಕಪ್ಪು ಗೆರೆಗಳ ನಡುವೆ ಒಂದು ಹಳದಿ ಪಟ್ಟೆ. ಮರದಿಂದ ಮರಕ್ಕೆ ಹಾರುತ್ತ ಬೆಟ್ಟದ ಬೆನ್ನು ಹಿಡಿದು ಬಂದು, ಕಂಡಿಯ ಹತ್ತಿರ ಗುಂಪುಗೂಡಿ, ಧೈರ್ಯ ಮಾಡಿ ಒಟ್ಟಿಗೆ ನುಗ್ಗುತ್ತವೆ. ಕುರಿಮಂದೆಯೂ ಬಾಗಿಲಲ್ಲಿ ಹೀಗೇ ಮಾಡುತ್ತದೆ. ಇಪ್ಪತ್ತೆರಡರ ಹರೆಯದಲ್ಲಿ, ಸಂತೆಯಲ್ಲಿ ಕುರಿ ಎಣಿಸುತ್ತಿದ್ದ ಕ್ಲ್ಯಾರಿಗೆ ಅದನ್ನು ನೋಡಿ ಕೈ ಸುಮ್ಮನಿರಲಿಲ್ಲ, ಎಣಿಸಿದ. ಮರುವರ್ಷವೂ ಎಣಿಸಿದ. ಇಪ್ಪತ್ನಾಲ್ಕು ಶರತ್ಕಾಲ ಎಣಿಸಿದ. ಒಂದು ಬೆಳಗ್ಗೆ ಹತ್ತು ಸಾವಿರದ ನಾನೂರು ಹಕ್ಕಿ ದಾಟಿದವು ಎಂದು ಬರೆದ.

ಎಂಬತ್ತೆರಡರಲ್ಲಿ ಆ ಎಣಿಕೆ ಬರೆದಿಟ್ಟ ಪುಸ್ತಕಗಳ ನಕಲನ್ನು ನಗರದ ಹಕ್ಕಿ ಸಂಘಕ್ಕೆ ಕಳಿಸಿದ. ‘ಇಷ್ಟು ಹಕ್ಕಿಗಳಿರುವುದು ಅಸಂಭವ’ ಎಂದು ಎರಡು ಸಾಲಿನ ಉತ್ತರ ಬಂತು. ಅಂಚೆಯವನು ಅದನ್ನು ಮನೆಗೆ ಕೊಡದೆ ಬಾರಿನಲ್ಲಿ ಕೊಟ್ಟ, ಯಾರೋ ಕಿತ್ತುಕೊಂಡು ಗಟ್ಟಿಯಾಗಿ ಓದಿದರು. ಅಂದಿನಿಂದ ಅವನು ‘ಹತ್ತು ಸಾವಿರದ ಕ್ಲ್ಯಾರಿ’. ಯಾರಾದರೂ ದೊಡ್ಡ ಮೀನು ಹಿಡಿದೆ ಎಂದರೆ ಸಾಕು, "ನಿನ್ನ ಮೀನಾ, ಕ್ಲ್ಯಾರಿಯ ಮೀನಾ?" ಎನ್ನುವರು. ಕ್ಲ್ಯಾರಿ ಜಗಳ ಆಡಲಿಲ್ಲ. ಎಣಿಸುವುದನ್ನು ನಿಲ್ಲಿಸಿದ, ಅಷ್ಟೆ. ಆಗ ನರೆಲ್‌ಗೆ ಹನ್ನೆರಡು ವರ್ಷ. ಈಗ ಐವತ್ನಾಲ್ಕು. ಅಪ್ಪನಿಗೆ ಎಂಬತ್ತೇಳು, ಕಣ್ಣಿನ ನಡುಭಾಗ ಮಸುಕಾಗಿ, ಎದುರಿಗಿದ್ದವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಆ ಪುಸ್ತಕಗಳನ್ನು ಎರಡು ವರ್ಷದ ಹಿಂದೆ ವಿಶ್ವವಿದ್ಯಾಲಯಕ್ಕೆ ಕೊಟ್ಟವಳು ಅವಳೇ. ಅಪ್ಪ ಬೇಡ ಎಂದಿದ್ದ. ಸಿಟ್ಟಿಗೆ ಅರ್ಧ ಕಾರಣ ಅದು.

ಬುಧವಾರ ಮೂರು ಗಂಟೆ ಕಾಲ ಗಾಡಿ ಓಡಿಸಿಕೊಂಡು ಹೋಗಿ, ವರದಿ ಬರೆದ ಡಾಕ್ಟರ್ ಬ್ರಾನ್ವೆನ್ ಟುಲಕ್ ಅವರ ಬಾಗಿಲು ತಟ್ಟಿದಳು. ತಟ್ಟಿದಳು ಎನ್ನುವುದಕ್ಕಿಂತ ಗುದ್ದಿದಳು ಎನ್ನಬೇಕು. ಒಳಗಿದ್ದವಳು ಮೂವತ್ತೈದರ ತೆಳ್ಳನೆಯ ಹೆಂಗಸು, ಮೇಜಿನ ಮೇಲೆ ತಣ್ಣಗಾದ ಟೀ.

"ನಮ್ಮಪ್ಪ ಸುಳ್ಳುಗಾರ ಅಂತ ಬರೆದಿದ್ದೀರಲ್ಲ, ಅದನ್ನ ಅವನ ಮುಖ ನೋಡಿ ಹೇಳೋಕೆ ಬರ್ತೀರಾ?"

"ಸುಳ್ಳುಗಾರ ಅಂತ ನಾನು ಬರೆದಿಲ್ಲ," ಎಂದಳು ಬ್ರಾನ್ವೆನ್.

"ಉತ್ಪ್ರೇಕ್ಷಿತ ಅಂದ್ರೆ ಏನು? ಸುಳ್ಳಿಗೆ ಕೋಟು ಹಾಕಿದ್ದೀರಿ, ಅಷ್ಟೇ ತಾನೇ?"

ಬ್ರಾನ್ವೆನ್ ಕುರ್ಚಿ ತೋರಿಸಿದಳು. ನರೆಲ್ ಕೂರಲಿಲ್ಲ.

"ನೋಡಿ ನರೆಲ್, ಹತ್ತು ಸೆಕೆಂಡಿಗೆ ಇನ್ನೂರು ಹಕ್ಕಿ ನುಗ್ತವೆ. ನಾನು ಹದಿನೈದು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ, ನನ್ನ ಕೈಲಿ ಆಗಲ್ಲ. ನಾವೆಲ್ಲ ಅಂದಾಜು ಹಾಕ್ತೀವಿ. ನಿಮ್ಮ ತಂದೆ ಅಂದಾಜು ಅಂತ ಬರೆದಿದ್ರೆ ನಾನು ಒಪ್ಪಿಕೊಳ್ತಿದ್ದೆ. ಅವರು ನಾಲ್ಕು ಸಾವಿರದ ನೂರಾ ಹದಿನೇಳು ಅಂತ ಬರೀತಾರೆ. ಆ ಹದಿನೇಳು ಎಲ್ಲಿಂದ ಬಂತು?"

"ಎಣಿಸಿದ್ರಿಂದ ಬಂತು."

"ಯಾರ ಕೈಲೂ ಆಗಲ್ಲ."

"ನನ್ನ ಕೈಲಾಗುತ್ತೆ. ಅಪ್ಪನೇ ಕಲಿಸಿದ್ದು. ಕ್ಯಾಮೆರಾ ತಗೊಂಡು ಬನ್ನಿ, ಕಂಡಿಗೆ ಗುರಿ ಇಡಿ. ನಾನು ಎಣಿಸ್ತೀನಿ. ಆಮೇಲೆ ನಿಮ್ಮ ಚಿತ್ರ ನಿಲ್ಸಿ ನಿಲ್ಸಿ ನೀವೂ ಎಣಿಸಿ."

ಬ್ರಾನ್ವೆನ್ ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದಳು. ಅವಳು ಕೆಟ್ಟವಳಲ್ಲ, ತನ್ನ ಲೆಕ್ಕಕ್ಕೆ ತಾನು ನಿಯತ್ತಾಗಿದ್ದವಳು. "ನೂರಕ್ಕೆ ಐದರ ಒಳಗೆ ತಪ್ಪಿದ್ರೆ ಇಪ್ಪತ್ನಾಲ್ಕು ವರ್ಷವನ್ನೂ ಸೇರಿಸ್ತೀನಿ. ಐದು ದಾಟಿದ್ರೆ?"

"ನಾನೇ ಬಂದು ಪುಸ್ತಕ ವಾಪಸ್ ತಗೊಂಡು ಹೋಗ್ತೀನಿ. ಮತ್ತೆ ಈ ವಿಷಯಕ್ಕೆ ಬಾಯಿ ಬಿಡಲ್ಲ."

ಮನೆಗೆ ಬಂದು ಹೇಳಿದಾಗ ಅಪ್ಪ ತಟ್ಟೆಯ ಮಾಂಸ ಕತ್ತರಿಸುತ್ತಲೇ ಕೇಳಿದ: "ನೀನು ಬಾಯಿ ಬಿಡಲ್ಲ ಅಂದ್ಯಾ?"

"ಅಂದೆ."

"ಪಾಪ, ಅವಳು ನಂಬಿದಳಾ?"

ಏಪ್ರಿಲ್ ಹತ್ತೊಂಬತ್ತರ ಬೆಳಗ್ಗೆ ಹುಲ್ಲಿನ ಮೇಲೆ ಹಿಮದ ಹೊದಿಕೆ, ಆಕಾಶ ತೊಳೆದಿಟ್ಟಂತೆ, ಗಾಳಿಯಿಲ್ಲ. ಹಕ್ಕಿ ಹಾರುವ ದಿನ. ಬ್ರಾನ್ವೆನ್ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಕ್ಯಾಮೆರಾ ನಿಲ್ಲಿಸಿದಳು. ಊರಿನ ಹಕ್ಕಿ ಸಂಘದ ಅಧ್ಯಕ್ಷ ಡೆಸ್ ಹ್ಯಾಗರ್ ಬಂದಿದ್ದ. ದಪ್ಪ ಹೊಟ್ಟೆಯ, ಬಾಯಿಗೆ ಬೀಗವಿಲ್ಲದ ಮನುಷ್ಯ. ಇಪ್ಪತ್ಮೂರು ವರ್ಷದಿಂದ ಶನಿವಾರ ಶನಿವಾರ ಸಂಘದವರು ಇಲ್ಲಿ ನಿಂತು ಅಂದಾಜು ಬರೆಯುತ್ತಿದ್ದರು. ವರದಿಯಲ್ಲಿ ಉಳಿದಿದ್ದ ಅಂಕಿಗಳು ಅವರವೇ. ಕ್ಲ್ಯಾರಿಯನ್ನು ಮಡಚುವ ಕುರ್ಚಿಯಲ್ಲಿ ಕೂರಿಸಿ, ಕಾಲಿಗೆ ಕಂಬಳಿ ಹೊದಿಸಿದರು.

"ಕ್ಲ್ಯಾರಿ, ಇವತ್ತು ಎಷ್ಟು? ಹತ್ತು ಸಾವಿರ?" ಎಂದ ಡೆಸ್.

"ನಿನ್ನ ಹೊಟ್ಟೆಯೊಳಗೆ ಹೋದ ಬಿಯರ್ ಲೋಟ ಎಣಿಸಿದ್ರೆ ಹತ್ತು ಸಾವಿರಕ್ಕೆ ನಿಲ್ಲಲ್ಲ ಕಣೋ. ಸುಮ್ನೆ ಕಡ್ಡಿ ಹಿಡ್ಕೊ."

ಕುರಿ ಎಣಿಸುವವರು ಒಂದು, ಎರಡು ಎಂದು ಎಣಿಸುವುದಿಲ್ಲ. ಬಾಗಿಲು ತೆರೆದಾಗ ಮಂದೆ ನೀರಿನಂತೆ ಹರಿಯುತ್ತದೆ. ಅದನ್ನು ಕಣ್ಣಿನಲ್ಲೇ ಮೂರು ಮೂರಾಗಿ ಕತ್ತರಿಸಿಕೊಳ್ಳಬೇಕು. ಮೂವತ್ತಮೂರು ಸಲ ಮೂರು, ಮೇಲೊಂದು, ಅಲ್ಲಿಗೆ "ನೂರು" ಎಂದು ಕೂಗಬೇಕು. ಪಕ್ಕದಲ್ಲಿ ನಿಂತವನು ಆಗ ಒಂದು ಬೆಂಕಿಕಡ್ಡಿಯನ್ನು ಎಡಜೇಬಿನಿಂದ ಬಲಜೇಬಿಗೆ ಸಾಗಿಸುತ್ತಾನೆ. ಎಣಿಸುವವರು ಮಾತಾಡುವುದಿಲ್ಲ, ತಿರುಗಿ ನೋಡುವುದಿಲ್ಲ. ಮೂಗಿನ ಮೇಲೆ ನೊಣ ಕೂತರೂ ಅದು ನೊಣದ ಭಾಗ್ಯ.

ಎಂಟು ಗಂಟೆಗೆ ಬ್ರಾನ್ವೆನ್ ಕೈ ಎತ್ತಿದಳು. ಅರ್ಧ ಗಂಟೆಯ ಪರೀಕ್ಷೆ.

ಮೊದಲು ಐದಾರು. ಆಮೇಲೆ ಹತ್ತಿಪ್ಪತ್ತು. ನರೆಲ್‌ಳ ಬಲಗೈ ಸೊಂಟದ ಹತ್ತಿರ ಸಣ್ಣಗೆ ಅಲುಗುತ್ತಿತ್ತು, ಮೂರು ಹಕ್ಕಿಗೊಂದು ಅಲುಗು. ಹಿಂದಿನ ಮರಗಳಲ್ಲಿ ಚಿಪ್ ಚಿಪ್ ಸದ್ದು ಏರಿತು, ಯಾರೋ ಸಾವಿರ ಕತ್ತರಿ ಒಟ್ಟಿಗೆ ಆಡಿಸಿದ ಹಾಗೆ. ಕ್ಲ್ಯಾರಿ ಕತ್ತು ಓರೆ ಮಾಡಿ "ಬಂತು, ಬಂತು" ಎಂದ. ಕಂಡಿಯ ಬಾಯಿ ಕಪ್ಪಿಟ್ಟಿತು. ಹಕ್ಕಿಗಳು ತಲೆಯ ಮೇಲೆ, ಭುಜದ ಪಕ್ಕ, ಕ್ಯಾಮೆರಾದ ಮೂಗಿನ ಮುಂದೆ ನುಗ್ಗಿದವು. ಬ್ರಾನ್ವೆನ್ ಬಗ್ಗಿದಳು. ಡೆಸ್ ಟೋಪಿ ಹಿಡಿದುಕೊಂಡ. ನರೆಲ್ ಕಂಬದಂತೆ ನಿಂತಿದ್ದಳು.

"ನೂರು."

ಕಡ್ಡಿ.

"ನೂರು."

ಕಡ್ಡಿ.

ಎಂಟೂವರೆಗೆ ಬ್ರಾನ್ವೆನ್ "ಸಾಕು" ಎಂದಳು. ಡೆಸ್‌ನ ಬಲಜೇಬಿನಲ್ಲಿ ಇಪ್ಪತ್ತಾರು ಕಡ್ಡಿ. ನರೆಲ್ ಉಸಿರು ಬಿಟ್ಟು, "ಮೇಲೆ ನಲವತ್ತೊಂದು," ಎಂದಳು. ಎರಡು ಸಾವಿರದ ಆರುನೂರ ನಲವತ್ತೊಂದು. ಬ್ರಾನ್ವೆನ್ ಅದನ್ನು ಬರೆದು, ಎಲ್ಲರ ಸಹಿ ಹಾಕಿಸಿದಳು. ಕ್ಲ್ಯಾರಿಯ ಸಹಿ ಕಾಗದ ಬಿಟ್ಟು ಕಂಬಳಿಯ ಮೇಲೆ ಹೋಯಿತು.

ಚಿತ್ರ ಎಣಿಸಲು ಬ್ರಾನ್ವೆನ್‌ಗೆ ಎರಡು ದಿನ ಹಿಡಿಯಿತು. ಊರ ಸಭಾಭವನದ ಹಿಂದಿನ ಕೋಣೆಯಲ್ಲಿ ಕೂತು, ಚಿತ್ರವನ್ನು ತುಣುಕು ತುಣುಕಾಗಿ ನಿಲ್ಲಿಸಿ, ಪ್ರತಿ ಹಕ್ಕಿಯ ಮೇಲೆ ಒಂದು ಕೆಂಪು ಚುಕ್ಕೆ ಇಡುತ್ತಾ ಹೋದಳು. ಭಾನುವಾರ ಮಧ್ಯಾಹ್ನ ನರೆಲ್‌ಳನ್ನೂ ಡೆಸ್‌ನನ್ನೂ ಕರೆಸಿದಳು. ಮುಖ ನೋಡಿದರೇ ತಿಳಿಯುತ್ತಿತ್ತು.

"ಮೂರು ಸಾವಿರದ ನೂರಾ ಹದಿನೆಂಟು," ಎಂದಳು. "ನೂರಕ್ಕೆ ಹದಿನೈದು ತಪ್ಪಿದೆ. ನೀವು ಜಾಸ್ತಿ ಹೇಳಲಿಲ್ಲ, ಕಮ್ಮಿ ಹೇಳಿದ್ರಿ, ಅದನ್ನ ಬರೀತೀನಿ. ಉತ್ಪ್ರೇಕ್ಷೆ ಅನ್ನೋ ಮಾತು ತೆಗೀತೀನಿ. ಆದ್ರೆ ಅಂಕಿ ಸೇರಿಸೋಕಾಗಲ್ಲ. ಕ್ಷಮಿಸಿ."

ನರೆಲ್ ಬೈಯಲಿಲ್ಲ. ಅವಳು ಬೈಯದಿದ್ದರೆ ಊರಿನವರಿಗೆ ಭಯವಾಗುತ್ತಿತ್ತು. ಅವಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಅಪ್ಪ ಬೇಡ ಅಂದಿದ್ದ, ನಾನೇ ಕೊಟ್ಟೆ, ಬಾರಿನಲ್ಲಿ ಮುಗಿದು ಹೋಗಿದ್ದನ್ನು ಮತ್ತೆ ಎತ್ತಿ ವರದಿಯಲ್ಲಿ ಬರೆಸಿದೆ.

ಮನೆಯಲ್ಲಿ ಅಪ್ಪ ಅಂಕಿಯನ್ನು ಕೇಳಿ, ಮತ್ತೊಮ್ಮೆ ಹೇಳಿಸಿದ.

"ಐನೂರರ ಹತ್ತಿರ ಬಿಟ್ಟೆಯಾ? ನೀನಾ?"

"ಚಿತ್ರ ಹಾಗೆ ಹೇಳುತ್ತೆ."

"ಚಿತ್ರ ಏನೂ ಹೇಳಲ್ಲ. ಹೇಳೋದು ಚುಕ್ಕೆ ಇಟ್ಟವಳು. ಒಂಬತ್ತು ವರ್ಷದವಳಿದ್ದಾಗ ಬೇಲಿ ಮೇಲೆ ಕೂತು ಎಂಟುನೂರು ಕುರಿ ಎಣಿಸಿ ಒಂದೂ ತಪ್ಪಲಿಲ್ಲ ನೀನು. ನಿನ್ನ ಕಣ್ಣನ್ನ ನಾನು ಬಲ್ಲೆ. ಮೊದಲು ಹೋಗಿ ಅವಳ ಎಣಿಕೆ ನೋಡು, ಆಮೇಲೆ ಅಳು."

"ನಾನು ಅಳ್ತಿಲ್ಲ."

"ಮತ್ತೆ ಯಾರದು ಮೂಗು ಸೊರಸೊರ ಅಂತಿರೋದು, ನಾಯೀದಾ?"

ಸೋಮವಾರ ಬೆಳಗ್ಗೆ ಬ್ರಾನ್ವೆನ್ ಸಾಮಾನು ಕಟ್ಟುತ್ತಿದ್ದಾಗ ನರೆಲ್ ಬಾಗಿಲಲ್ಲಿ ನಿಂತಳು. "ನೀವು ಚುಕ್ಕೆ ಇಟ್ಟಿದ್ದನ್ನ ನನಗೆ ತೋರಿಸಿ. ಮೊದಲಿಂದ." ಬ್ರಾನ್ವೆನ್ ಗಡಿಯಾರ ನೋಡಿದಳು, ನಿಟ್ಟುಸಿರು ಬಿಟ್ಟಳು, ಪೆಟ್ಟಿಗೆ ಬಿಚ್ಚಿದಳು. ಸೋತವರ ಸಮಾಧಾನಕ್ಕೆ ಅಷ್ಟಾದರೂ ಮಾಡಬೇಕು ಎಂದುಕೊಂಡಿರಬೇಕು. ಡೆಸ್ ಮೂರು ಲೋಟ ಟೀ ಮಾಡಿ ತಂದು ಹಿಂದೆ ಕೂತ.

ಚಿತ್ರ ಆಮೆಯಂತೆ ಸಾಗಿತು. ಹಕ್ಕಿ, ಚುಕ್ಕೆ. ಹಕ್ಕಿ, ಚುಕ್ಕೆ. ನರೆಲ್‌ಳ ಬಲಗೈ ತಾನಾಗಿ ಅಲುಗತೊಡಗಿತು. ನಾಲ್ಕನೆಯ ನಿಮಿಷದಲ್ಲಿ ಅದು ತಟ್ಟನೆ ನಿಂತಿತು.

"ಹಿಂದೆ ಹೋಗು. ಇನ್ನೂ ಹಿಂದೆ. ಅದಕ್ಕ್ಯಾಕೆ ಚುಕ್ಕೆ ಇಟ್ಟೆ?"

"ಯಾವುದಕ್ಕೆ?"

"ಅದಕ್ಕೆ. ಇದಕ್ಕೆ. ಅಲ್ನೋಡು, ಅಲ್ಲಿ ನಾಲ್ಕು. ಹೊಟ್ಟೆ ಬೆಳ್ಳಗಿದೆ. ಅದು ನಮ್ಮದಲ್ಲ."

ಬ್ರಾನ್ವೆನ್ ಪರದೆಯ ಹತ್ತಿರ ಬಾಗಿದಳು. ಚಿತ್ರವನ್ನು ದೊಡ್ಡದು ಮಾಡಿದಳು. ಬೂದುಬಣ್ಣದ ಹಳದಿಮೊಗಗಳ ನಡುವೆ ತುಸು ಗಿಡ್ಡನೆಯ, ಹಸಿರು ಬೆನ್ನಿನ, ಸುಣ್ಣ ಬಳಿದಂಥ ಹೊಟ್ಟೆಯ ಹಕ್ಕಿಗಳು. "ಬಿಳಿಕತ್ತಿನ ಜೇನುಹೀರ," ಎಂದಳು ಮೆಲ್ಲಗೆ. "ಇವೂ ಗುಂಪಿನಲ್ಲಿ ಸೇರಿ ಹೋಗ್ತವೆ. ಹಾರುವಾಗ ಬೇರೆ ಮಾಡೋಕಾಗಲ್ಲ ಅಂತ ಎಲ್ಲರೂ ಒಟ್ಟಿಗೇ ಎಣಿಸ್ತಾರೆ. ನಾನೂ ಒಟ್ಟಿಗೇ ಎಣಿಸಿದೆ."

"ಒಟ್ಟಿಗೆ ಎಣಿಸೋದು ಅಂದ್ರೇನು? ಮಂದೆಯಲ್ಲಿ ಪಕ್ಕದವನ ಕುರಿ ನುಗ್ಗಿದ್ರೆ ಅದನ್ನೂ ನಿನ್ನ ಲೆಕ್ಕಕ್ಕೆ ಹಾಕ್ಕೊಳ್ತೀಯಾ? ಜೈಲಿಗೆ ಹಾಕ್ತಾರೆ."

"ನರೆಲ್, ಆ ವೇಗದಲ್ಲಿ, ಅಷ್ಟು ಹಕ್ಕಿ ಮಧ್ಯೆ, ನೀವು ಇವನ್ನ ಬೇಕಂತ ಬಿಟ್ರಾ?"

"ಬೇಕಂತ ಏನು ಬಂತು? ಕಣ್ಣು ತಾನೇ ಬಿಡುತ್ತೆ. ಹಾರೋ ಧಾಟಿ ಬೇರೆ, ಸದ್ದು ಬೇರೆ. ಸಂತೆಯಲ್ಲಿ ದಿನಾ ಮಾಡೋದು ಅದೇ ತಾನೇ?"

"ಮೊದಲೇ ಯಾಕೆ ಹೇಳಲಿಲ್ಲ?"

ನರೆಲ್ ಅವಳನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ನೀನು ಕೇಳಿದ್ದು ಹಳದಿಮೊಗದ ಲೆಕ್ಕ, ನಾನು ಹಳದಿಮೊಗ ಎಣಿಸಿದೆ. ಅದನ್ನ ಬಿಡಿಸಿ ಹೇಳಬೇಕು ಅಂತ ಯಾರಿಗೆ ಗೊತ್ತಿತ್ತು?"

ಬ್ರಾನ್ವೆನ್ ಮತ್ತೆ ಮೊದಲಿನಿಂದ ಶುರು ಮಾಡಿದಳು. ಈ ಸಲ ಬಿಳಿಹೊಟ್ಟೆಗಳ ಮೇಲೆ ನೀಲಿ ಚುಕ್ಕೆ. ಊಟದ ಹೊತ್ತು ಮೀರಿತು. ಡೆಸ್ ಸ್ಯಾಂಡ್‌ವಿಚ್ ತಂದ, ಯಾರೂ ಮುಟ್ಟಲಿಲ್ಲ, ಅವನೇ ಮೂರನ್ನೂ ತಿಂದ. ಸಂಜೆ ಐದಕ್ಕೆ ನೀಲಿ ಚುಕ್ಕೆಗಳ ಲೆಕ್ಕ ನಿಂತಿತು: ನಾನೂರ ಅರವತ್ತೊಂದು. ಬ್ರಾನ್ವೆನ್ ಕಾಗದದ ಮೇಲೆ ಕೂಡಿ ಕಳೆದಳು. ಮತ್ತೆ ಕಳೆದಳು. ಉಳಿದ ಹಳದಿಮೊಗಗಳು ಎರಡು ಸಾವಿರದ ಆರುನೂರ ಐವತ್ತೇಳು. ನರೆಲ್ ಹೇಳಿದ್ದು ಎರಡು ಸಾವಿರದ ಆರುನೂರ ನಲವತ್ತೊಂದು.

"ಹದಿನಾರು," ಎಂದಳು ಬ್ರಾನ್ವೆನ್. "ನೂರಕ್ಕೆ ಒಂದೂ ಇಲ್ಲ. ನನ್ನ ಚುಕ್ಕೆಯಲ್ಲೇ ಅಷ್ಟು ತಪ್ಪಿರುತ್ತೆ."

ಡೆಸ್ ಎದ್ದು ನಿಂತ. ಟೋಪಿ ತೆಗೆದ. ಅವನಿಗೆ ಮಾತು ಬರದಿದ್ದನ್ನು ಊರು ನೋಡಿದ್ದು ಅದೇ ಮೊದಲು. ನೋಡಲು ಇದ್ದವರು ಇಬ್ಬರೇ ಎಂಬುದು ಊರಿನ ದುರದೃಷ್ಟ. "ಹಾಗಾದ್ರೆ," ಎಂದ ಕೊನೆಗೆ, "ನಾವು ಇಪ್ಪತ್ಮೂರು ವರ್ಷ ಪಕ್ಕದವನ ಕುರೀನೂ ಸೇರಿಸಿಕೊಂಡು ಬರೆದ್ವಿ ಅಂತಾಯ್ತು."

"ಹೌದು ಮಾರಾಯ," ಎಂದಳು ನರೆಲ್. "ಉತ್ಪ್ರೇಕ್ಷೆ ನಿಂದೇ."

ಬ್ರಾನ್ವೆನ್ ಮಾತ್ರ ಕ್ಲ್ಯಾರಿಯ ಹಳೆಯ ಪುಸ್ತಕಗಳನ್ನು ಚೀಲದಿಂದ ತೆಗೆದು ಒಂದೊಂದೇ ಬಿಡಿಸುತ್ತಿದ್ದಳು. ಪ್ರತಿ ಪುಟದ ಬಲಗಡೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದ ಸಣ್ಣ ಅಂಕಿಗಳು. "ಇದು ಕುರಿ ವ್ಯಾಪಾರದ ಲೆಕ್ಕ ಅಂದುಕೊಂಡು ನಾನು ನೋಡಲೇ ಇಲ್ಲ. ಏನಿದು?"

"ಬಿಳಿಹೊಟ್ಟೆಯವು. ಅಪ್ಪ ಅವಕ್ಕೆ ಬೇರೆ ಕಡ್ಡಿ ಇಟ್ಕೋತಿದ್ದ."

ಬ್ರಾನ್ವೆನ್ ಮುಂದಿನ ಪುಟ ತಿರುವಿದಳು, ಅದರ ಮುಂದಿನದನ್ನೂ. ಎರಡು ಹಕ್ಕಿ, ಇಪ್ಪತ್ನಾಲ್ಕು ವರ್ಷ, ಬೇರೆ ಬೇರೆಯಾಗಿ, ದಿನ ದಿನದ್ದು. "ಇಂಥದ್ದು ನಾನು ಎಲ್ಲೂ ನೋಡಿಲ್ಲ," ಎಂದಳು. "ಇದು ನನ್ನ ಚೀಲದಲ್ಲಿ ಎರಡು ವರ್ಷ ಬಿದ್ದಿತ್ತು."

ಮೂರು ವಾರದ ನಂತರ ಅವಳು ಹೊಸ ಹಾಳೆಗಳನ್ನು ಹಿಡಿದುಕೊಂಡು ಪ್ರೌಸ್ ಮನೆಗೆ ಬಂದಳು. ಡೆಸ್ ಕರೆಯದೆಯೂ ಬಂದ. ಅಡಿಗೆಮನೆಯ ಮೇಜಿನ ಮೇಲೆ ಎಲ್ಲ ವರ್ಷಗಳ ಅಂಕಿಯನ್ನು ಗೆರೆಯಾಗಿ ಎಳೆದ ಉದ್ದದ ಕಾಗದ ಹರಡಿ, ಕ್ಲ್ಯಾರಿಗೆ ಕಾಣದೆಂದು ತಾನೇ ಓದಿ ಹೇಳಿದಳು. ಐವತ್ತೊಂಬತ್ತರಿಂದ ಗೆರೆ ಎತ್ತರದಲ್ಲಿ ಹೋಗುತ್ತದೆ. ಎಪ್ಪತ್ತರ ದಶಕದ ನಡುವೆ ಇನ್ನೂ ಏರುತ್ತದೆ. ಅವನು ನಿಲ್ಲಿಸಿದ ಮೇಲೆ ಹದಿನೆಂಟು ವರ್ಷ ಖಾಲಿ. ಆಮೇಲೆ ಸಂಘದವರ ಅಂಕಿ, ಬಿಳಿಹೊಟ್ಟೆಯ ಪಾಲನ್ನು ಅಂದಾಜು ಮಾಡಿ ಕಳೆದು: ತಗ್ಗಿನಲ್ಲಿ. ಕಾಡ್ಗಿಚ್ಚಿನ ವರ್ಷ ಇನ್ನೂ ತಗ್ಗಿನಲ್ಲಿ. ಅಲ್ಲಿಂದ ನಾಲ್ಕು ವರ್ಷ ಬಿಡದೆ ಏರಿದೆ. ಈ ಶರತ್ಕಾಲದಲ್ಲಿ ಕಂಡಿ ದಾಟಿದಷ್ಟು ಹಕ್ಕಿ ಎಂಬತ್ತೊಂದರ ನಂತರ ಎಣಿಕೆಯಿರುವ ಯಾವ ವರ್ಷವೂ ದಾಟಿಲ್ಲ.

"ನಿಮ್ಮ ಅಂಕಿ ಇಲ್ಲದಿದ್ರೆ ಇವು ಯಾವಾಗಲೂ ಇಷ್ಟೇ ಇದ್ದವು ಅಂತ ನಾವು ಬರೀತಿದ್ವಿ," ಎಂದಳು ಬ್ರಾನ್ವೆನ್. "ಎಷ್ಟು ಕಳಕೊಂಡ್ವಿ, ಎಷ್ಟು ವಾಪಸ್ ಬಂತು, ಎರಡೂ ಗೊತ್ತಾಗ್ತಿರಲಿಲ್ಲ. ಮೊದಲ ಪುಟದಲ್ಲಿ ನಿಮ್ಮ ಹೆಸರಿದೆ, ಮಿಸ್ಟರ್ ಪ್ರೌಸ್. ಹತ್ತು ಸಾವಿರದ ನಾನೂರು ಅನ್ನೋದೂ ಇದೆ. ಅದು ಸಾಧ್ಯ ಅಂತ ನಾನು ಸಹಿ ಹಾಕಿದ್ದೀನಿ."

ಕ್ಲ್ಯಾರಿ ಮಗಳ ಕಡೆ ತಿರುಗಿದ.

"ಹದಿನಾರು ಬಿಟ್ಟೆ ಅಂದ್ಯಲ್ಲ, ಎಲ್ಲಿ ನೋಡ್ತಿದ್ದೆ?"

"ಅಪ್ಪ, ಸಾಕು."

"ಬಿಳಿಹೊಟ್ಟೆಗೆ ಬೇರೆ ಕಡ್ಡಿ ಯಾಕೆ ಇಟ್ಕೊಳ್ಳಲಿಲ್ಲ? ಇಟ್ಕೊಂಡಿದ್ರೆ ಈ ಹುಡುಗಿ ಮೂರು ದಿನ ಕಣ್ಣು ಕೆಡಿಸ್ಕೊಳ್ಳೋದು ತಪ್ಪುತ್ತಿತ್ತು. ಅರ್ಧ ಕೆಲಸ ಮಾಡಿ ಗೆದ್ದೆ ಅಂತ ಮೆರೀಬೇಡ."

ಡೆಸ್ ಬಿದ್ದು ಬಿದ್ದು ನಕ್ಕ. ನರೆಲ್ ಅವನ ಕಡೆ ಬಟ್ಟೆ ಎಸೆದಳು. ಆದರೆ ಅಪ್ಪನ ಬೆನ್ನು ನೇರವಾಗಿದ್ದನ್ನು ಅವಳು ನೋಡಿದಳು. ಬಹಳ ವರ್ಷದಿಂದ ಆ ಬೆನ್ನು ಹಾಗಿರಲಿಲ್ಲ. ಮುದುಕ ಬೆರಳಿನಿಂದ ಮೇಜು ಕುಟ್ಟಿದ.

"ಹುಡುಗಿ, ಪೆನ್ನು ಇದೆಯಾ? ಎಪ್ಪತ್ತೊಂದನೇ ಇಸವಿ, ಏಪ್ರಿಲ್ ಇಪ್ಪತ್ತೈದರ ಮರುದಿನ ನೋಡು. ಎಷ್ಟು ಬರೆದಿದ್ದೀನಿ?"

ಬ್ರಾನ್ವೆನ್ ಹುಡುಕಿದಳು. "ನಾಲ್ಕು ಸಾವಿರದ ಒಂಬೈನೂರ ಎರಡು."

"ಅದನ್ನ ಹೊಡೆದು ಹಾಕು."

"ಅಪ್ಪಾ," ಎಂದಳು ನರೆಲ್. ಅವಳ ಕಿವಿ ಕೆಂಪೇರಿತ್ತು. "ಈಗ ತಾನೇ ನಂಬಿದಾರೆ. ಈಗ್ಯಾಕೆ?"

"ಹಿಂದಿನ ದಿನ ಯೋಧರ ನೆನಪಿನ ದಿನ, ಊರೆಲ್ಲಾ ಬಾರಿನಲ್ಲಿತ್ತು. ಬೆಳಗಿನ ತನಕ ಕುಡಿದಿದ್ದೆ. ಅವತ್ತು ನನಗೆ ಒಂದು ಹಕ್ಕಿ ಎರಡಾಗಿ ಕಾಣ್ತಿತ್ತೋ ಏನೋ, ಆಣೆ ಮಾಡಿ ಹೇಳಲಾರೆ. ಉಳಿದದ್ದಕ್ಕೆಲ್ಲ ಹೇಳ್ತೀನಿ. ಅದೊಂದು ಬೇಡ."

ಬ್ರಾನ್ವೆನ್ ನಗಲಿಲ್ಲ. ಪೆನ್ನು ತೆಗೆದು ಆ ದಿನದ ಮೇಲೆ ಗೆರೆ ಎಳೆದು, ಅಂಚಿನಲ್ಲಿ ‘ಎಣಿಸಿದವರೇ ತೆಗೆಸಿದ್ದು’ ಎಂದು ಬರೆದಳು. ಆಮೇಲೆ ಕಂಪ್ಯೂಟರ್ ತೆರೆದು, ಆ ಅಂಕಿಯನ್ನು ಅಳಿಸಿ, ಇಡೀ ಲೆಕ್ಕವನ್ನು ಮತ್ತೆ ಓಡಿಸಿದಳು. ನಾಲ್ವರೂ ಕಾದರು. ನರೆಲ್ ಅಪ್ಪನ ಭುಜದ ಮೇಲೆ ಕೈಯಿಟ್ಟು ಪರದೆಯನ್ನೇ ನೋಡುತ್ತಿದ್ದಳು.

"ಏನಾಯ್ತು?" ಎಂದ ಕ್ಲ್ಯಾರಿ.

ಗೆರೆ ಕೂದಲೆಳೆಯಷ್ಟೂ ಕದಲಿರಲಿಲ್ಲ.